ಮೇಜರನ ಬಲಮಗ್ಗುಲು

ನನ್ನ ತಲೆಯ ಮೇಲೆ ನನಗೇ ಹಿಡಿತವಿಲ್ಲ. ಇದನ್ನು ಬಾಯಿಬಿಟ್ಟು ಯಾರಿಗೂ ಹೇಳಿಲ್ಲ. ಡೈರಿಯಲ್ಲಿ ಮಾತ್ರ ಬರೆದುಕೊಂಡಿದ್ದೇನೆ. ಯಾರಾದರೂ ನನ್ನ ಮುಖ ನೋಡಿ "ಅಲ್ವಾ?" ಅಂದರೆ ಸಾಕು, ನಾನು ಯೋಚನೆ ಮಾಡುವಷ್ಟರಲ್ಲಿ ತಲೆ ಹೌದು ಎಂದು ಆಡಿಬಿಟ್ಟಿರುತ್ತದೆ. ಹೀಗೆ ತಲೆಯಾಡಿಸಿಯೇ ಅಪ್ಪ ತೋರಿಸಿದ ವಿಷಯದಲ್ಲಿ ಬಿ.ಎಸ್ಸಿ. ಮುಗಿಸಿದೆ. ಯಾರೋ ತಂದುಕೊಟ್ಟ ಗಿಳಿಹಸಿರು ಚೂಡಿದಾರವನ್ನು ಮೂರು ವರ್ಷ ಹಾಕಿಕೊಂಡೆ. ಅವೆಲ್ಲ ನನ್ನೊಬ್ಬಳ ಪಾಡು. ಆದರೆ ಭಾನುವಾರ ಆಡಿಸಿದ ತಲೆ ಮೇಜರನ ಬೆನ್ನಿಗೆ ಬಂತು.

ಮೇಜರ್ ನಮ್ಮ ಎಸ್ಟೇಟಿನ ಹೇಸರಗತ್ತೆ. ವನಗೂರು ದಾಟಿ, ಜೀಪು ಮೊದಲನೇ ಗೇರಿನಲ್ಲೇ ಗೊಣಗುತ್ತ ಹತ್ತುವ ರಸ್ತೆಯ ಕೊನೆಯಲ್ಲಿ ಕ್ಯಾರೋಲಿನ್ ಮೇಡಮ್ಮರ ಕಾಫಿ ತೋಟ. ತೋಟದೊಳಗೆ ಅವರದೇ ಹೋಂಸ್ಟೇ. ಬಂದವರು ಸವಾರಿ ಮಾಡಲೆಂದು ಎರಡು ಹೆಣ್ಣು ಕುದುರೆಗಳಿವೆ. ಮೇಜರ್ ಇರುವುದು ಸವಾರಿಗಲ್ಲ. ಜೀಪು ಇಳಿಯಲಾರದ ಹಳ್ಳದ ಬ್ಲಾಕಿನಿಂದ ಕಾಫಿ ಹಣ್ಣಿನ ಚೀಲಗಳನ್ನು, ಸಿಪ್ಪೆ ಸುಲಿಯುವ ಯಂತ್ರವಿರುವ ಪಲ್ಪರ್ ಮನೆಗೆ ಹೊತ್ತು ತರುವುದು ಅವನ ಕೆಲಸ. ಮಿಲಿಟರಿಯವರ ಹರಾಜಿನಿಂದ ಬಂದವನಾದ್ದರಿಂದ ಆ ಹೆಸರು.

ನನ್ನ ಕೆಲಸ ಏನೆಂದು ಹೇಳುವುದು ಸ್ವಲ್ಪ ಕಷ್ಟ. ಮೈಸೂರಿನ ಹತ್ತಿರದ ಒಂದು ಕುದುರೆ ಲಾಯದಲ್ಲಿ ಮೂರು ತಿಂಗಳು ನಿಂತು ಕಲಿತು ಬಂದದ್ದು. ಪ್ರಾಣಿಯ ಕಿವಿಯ ಹಿಂದಿನಿಂದ ಹಿಡಿದು ಕುತ್ತಿಗೆ, ಹೆಗಲು, ಬೆನ್ನು, ಹಿಂಗಾಲಿನವರೆಗೆ ಬೆರಳ ತುದಿಯನ್ನು ನಿಧಾನವಾಗಿ ಒಯ್ಯಬೇಕು, ಮೊಟ್ಟೆಯ ಹಳದಿಯನ್ನು ಒಡೆಯದೆ ಮುಟ್ಟುವಷ್ಟು ಹಗುರವಾಗಿ. ನಮ್ಮ ಕಣ್ಣು ಅದರ ಕಣ್ಣಿನ ಮೇಲಿರಬೇಕು. ಎಲ್ಲಿ ರೆಪ್ಪೆ ಬಡಿಯುತ್ತದೋ ಅಲ್ಲಿ ಬೆರಳು ನಿಲ್ಲಬೇಕು. ಒತ್ತಬಾರದು, ತಿಕ್ಕಬಾರದು. ಕಾಯಬೇಕು. ಒಳಗೆ ಬಿಗಿದುಕೊಂಡದ್ದು ಸಡಿಲವಾದಾಗ ಅದು ತುಟಿ ನೆಕ್ಕುತ್ತದೆ, ಖಾಲಿ ಬಾಯಿ ಮೆಲ್ಲುತ್ತದೆ, ದೊಡ್ಡದಾಗಿ ಆಕಳಿಸಿ ತಲೆ ತಗ್ಗಿಸುತ್ತದೆ. ನೋಡುವವರಿಗೆ ಮಾತ್ರ ಒಬ್ಬಳು ಹುಡುಗಿ ಕುದುರೆಯ ಮೇಲೆ ಕೈಯಿಟ್ಟುಕೊಂಡು ಹೊತ್ತು ಕಳೆಯುತ್ತಿರುವಂತೆ ಕಾಣುತ್ತದೆ.

"ಏನವ್ವಾ, ಜ್ವರ ಇಳೀತಾ?" ಎನ್ನುವುದು ಸಿದ್ದಬಸಪ್ಪಣ್ಣನ ದಿನದ ಮಾತು. ಮೇಜರನನ್ನು ಹಿಡಿದು ನಡೆಸುವವರು ಅವರೇ. "ನಮ್ಮನೇಲೂ ಒಂದು ಐತೆ ಕಣವ್ವ. ಬೆಳಗಿಂದ ಸಂಜೆಗಂಟ ಮುಖ ಗಂಟು ಹಾಕ್ಕಂಡು ಕೂತಿರ್ತದೆ. ಒಂದ್ಸಲ ಬಂದು ಕೈ ಮಡಗು, ಪುಣ್ಯ ಬತ್ತದೆ."

ನಾನು ನಗುತ್ತೇನೆ. ನಗು ಬರದಿದ್ದರೂ ನಗುತ್ತೇನೆ.

ನವೆಂಬರಿನಲ್ಲಿ, ಹಣ್ಣಿನ ಕುಯ್ಲು ಶುರುವಾದ ಎರಡನೇ ವಾರ, ಮೇಜರ್ ಜೀನು ಕಂಡರೆ ಕಿವಿ ಹಿಂದಕ್ಕೆ ಮಲಗಿಸತೊಡಗಿದ. ಒಂದು ದಿನ ಹೊರೆ ಇಳಿಸುವಾಗ ಒದ್ದ; ಚೀಲ ಹರಿದು ಹಣ್ಣೆಲ್ಲ ಅಂಗಳದ ತುಂಬ ಚೆಲ್ಲಿತು. ಸಕಲೇಶಪುರದಿಂದ ಪಶುವೈದ್ಯರು ಬಂದು ಇಂಜೆಕ್ಷನ್ ಕೊಟ್ಟು, ಮೂರು ವಾರ ಹೊರೆ ಹಾಕಬೇಡಿ, ಆಮೇಲೆ ಇನ್ನೊಂದು ಸಲ ಬಂದು ನೋಡ್ತೀನಿ ಎಂದು ಹೇಳಿ ಹೋದರು. ಆ ಮೂರು ವಾರ ಮೇಡಂ ಅವನನ್ನು ನನ್ನ ಕೈಗೆ ಒಪ್ಪಿಸಿದರು.

ಮೂರು ವಾರದಲ್ಲಿ ಮೇಜರ್ ಸಾಧುವಾದ. ಯಾರು ಹತ್ತಿರ ಹೋದರೂ ಕದಲುತ್ತಿರಲಿಲ್ಲ. ಅದು ನನ್ನ ಕೈಗುಣವೆಂದು ಎಸ್ಟೇಟಿನಲ್ಲೆಲ್ಲ ಸುದ್ದಿಯಾಯಿತು. ಆಳುಗಳ ಲೈನ್ ಮನೆಗಳ ಹೆಂಗಸರು ಸೊಂಟ ಹಿಡಿದುಕೊಂಡು ಬಂದು, "ನಮ್ಗೂ ಒಂಚೂರು ಮುಟ್ಟವ್ವ, ನಾವೇನು ಕತ್ತೆಗಿಂತ ಕಡೇನಾ?" ಎಂದರು.

ನನಗೊಬ್ಬಳಿಗೆ ಗೊತ್ತಿದ್ದದ್ದೇ ಬೇರೆ. ಕುದುರೆಗಳು ನನ್ನ ಬೆರಳಿನಡಿ ಆಕಳಿಸುತ್ತವೆ, ನೆಕ್ಕುತ್ತವೆ, ಒಮ್ಮೊಮ್ಮೆ ನಿಂತಲ್ಲೇ ತೂಕಡಿಸುತ್ತವೆ. ಮೇಜರ್ ಒಂದು ಸಲವೂ ಆಕಳಿಸಲಿಲ್ಲ. ಅವನ ಬಲಮಗ್ಗುಲಲ್ಲಿ, ಹೆಗಲಿನ ಉಬ್ಬು ಮುಗಿದು ಬೆನ್ನು ಶುರುವಾಗುವ ಕಡೆ, ಒಂದು ಅಂಗೈಯಗಲ ಜಾಗವಿದೆ. ಬೆರಳು ಅಲ್ಲಿಗೆ ಬಂದ ಕೂಡಲೆ ಅವನ ಉಸಿರು ನಿಲ್ಲುತ್ತದೆ. ರೆಪ್ಪೆ ಬಡಿಯುವುದಿಲ್ಲ. ಬೆರಳು ಎತ್ತಿದ ಮೇಲೆ ಮೂಗಿನ ಹೊಳ್ಳೆಯಿಂದ ಗಾಳಿ ಮೆಲ್ಲಗೆ, ಕದ್ದು ಹೊರಬಂದಂತೆ ಹೊರಬರುತ್ತದೆ. ಕಲಿಸಿದ ಮೇಷ್ಟ್ರು ಹೇಳಿದ್ದರು: ಕುದುರೆ ತನ್ನ ನೋವನ್ನು ಹೇಳಿಬಿಡುತ್ತದೆ, ಹೇಸರಗತ್ತೆ ಕೊನೆಯವರೆಗೆ ಬಚ್ಚಿಡುತ್ತದೆ, ಅದು ಕಲ್ಲಿನ ಹಾಗೆ ನಿಂತುಕೊಂಡರೆ ಗೆದ್ದೆ ಅಂದುಕೊಳ್ಳಬೇಡಿ.

ಭಾನುವಾರ ಮೇಡಂ ಹೋಂಸ್ಟೇಗೆ ಬಂದವರಿಗೆ "ಕುದುರೆಗಳ ಜೊತೆ ಮೌನದ ಒಂದು ಗಂಟೆ" ಎಂಬ ಕಾರ್ಯಕ್ರಮ ಇಟ್ಟಿದ್ದರು. ಮೌನವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಹತ್ತು ಜನ ಹತ್ತು ಫೋನುಗಳನ್ನು ಎತ್ತಿ ಹಿಡಿದಿದ್ದರು. ನಾನು ಮೇಜರನ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ನನ್ನ ಮುಖವನ್ನು ಎಲ್ಲಿ ಇಡುವುದೆಂದು ತಿಳಿಯದೆ ನಿಂತಿದ್ದೆ.

"ಒಂದು ತಿಂಗಳ ಹಿಂದೆ ಇವನ ಹತ್ತಿರ ಹೋಗಲಿಕ್ಕೆ ಭಯ ಮಾರಾಯ್ರೆ," ಎಂದು ಮೇಡಂ ಅವರಿಗೆಲ್ಲ ವಿವರಿಸಿದರು. "ಇಂಜೆಕ್ಷನ್‌ಗೆ ಆಗದ್ದು ಈ ಹುಡುಗಿಯ ಕೈಗೆ ಆಯ್ತು." ಆಮೇಲೆ ನನ್ನ ಕಡೆ ತಿರುಗಿದರು. "ಈಗ ಪೂರ್ತಿ ಸರಿಹೋದ, ಅಲ್ವಾ ನೇತ್ರಾ?"

ತಲೆ ಆಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಹೆಣ್ಣು ಕುದುರೆಗಳು ಬೆದರಿ ಹಿಂದೆ ಸರಿದವು. ಮೇಜರ್ ಸರಿಯಲಿಲ್ಲ.

ಸಂಜೆಯ ಹೊತ್ತಿಗೆ ತೋಟದ ಲೆಕ್ಕ ಬರೆಯುವ ರೈಟರ್ ಗುಂಡಯ್ಯನವರು ಕೆಲಸದ ಪಟ್ಟಿ ಬದಲಾಯಿಸಿಯಾಗಿತ್ತು. ಗುರುವಾರದಿಂದ ಮೇಜರ್ ಹಳ್ಳದ ಬ್ಲಾಕಿಗೆ. ಪಶುವೈದ್ಯರಿಗೆ ಫೋನ್ ಮಾಡಿ, ಸರಿಹೋಗಿದೆ, ನೀವು ಅಷ್ಟು ದೂರ ಬರೋದು ಬೇಡ ಎಂದೂ ಹೇಳಿಬಿಟ್ಟಿದ್ದರು.

ಬಲಗಡೆಯೇ ಯಾಕೆ ಎನ್ನುವುದು ನನ್ನನ್ನು ಕೊರೆಯುತ್ತಿತ್ತು. ಎರಡೂ ಕಡೆ ಒಂದೇ ತೂಕದ ಚೀಲ ಹಾಕುತ್ತಾರೆ. ಅದನ್ನು ನಾನೇ ನೋಡಿದ್ದೇನೆ. ಸೋಮವಾರ ಬೆಳಿಗ್ಗೆ ಸಿದ್ದಬಸಪ್ಪಣ್ಣ ಪಲ್ಪರ್ ಮನೆಯ ಮುಂದೆ ಕೂತು ಹೊರೆ ಜೀನಿನ ತೊಗಲಿಗೆ ಎಣ್ಣೆ ಹಚ್ಚುತ್ತಿದ್ದರು. ಪ್ರಶ್ನೆ ಕೇಳುವುದು ನನಗೆ ಅಷ್ಟು ಕಷ್ಟವಲ್ಲ, ಉತ್ತರ ಹೇಳುವುದೇ ಕಷ್ಟ.

"ಹೊರೆ ಹೆಂಗೆ ಇಳಿಸ್ತೀರಣ್ಣ?"

"ಹೆಂಗೆ ಅಂದ್ರೆ? ಕೈಯಲ್ಲಿ." ಅವರೇ ನಕ್ಕು, ಎದ್ದು ನಿಂತು ತೋರಿಸಿದರು. "ನೋಡು, ಈ ಜಗಲಿ ಪಕ್ಕ ನಿಲ್ಲುಸ್ತೀನಿ. ಎಡಗಡೆ ಚೀಲ ಜಗಲಿ ಮೇಲಕ್ಕೆ. ಅದನ್ನ ಸುರುದು, ಹಸಿ ಕಾಯಿ ಎಷ್ಟು ಸೇರೈತೆ ಅಂತ ರೈಟ್ರು ಆರ್ಸಿ ನೋಡ್ತಾರೆ. ಕೂಲಿ ಮುರೀತಾರಲ್ಲ, ಕುಯ್ದೋಳು ಎದುರ್ಗೇ ಇರ್ಬೇಕು. ಅದು ಮುಗುದ್ಮೇಲೆ ಬಲಗಡೆದು."

"ಎರಡೂ ಒಟ್ಟಿಗೆ ಇಳಿಸಿದ್ರೆ?"

"ಹೋದೊರ್ಷ ಹಂಗೇ ಮಾಡಿದ್ದು. ಇಬ್ರು ಹೆಂಗಸ್ರು ಜುಟ್ಟು ಜುಟ್ಟು ಹಿಡ್ಕಂಡ್ರು. ಹಸಿ ಕಾಯಿ ನಂದಲ್ಲ, ಅವಳ ಚೀಲದ್ದು ಅಂತ. ಬಿಡ್ಸಕ್ಕೋಗಿ ನನ್ನ ಅಂಗಿ ಹರುದೋಯ್ತು. ಆವತ್ತಿಂದ ಒಂದಾದ್ಮೇಲೆ ಒಂದೇಯ."

"ಅಲ್ಲೀಗಂಟ ಬಲಗಡೆ ಚೀಲ?"

"ಅವನ ಮೇಲೇ ಇರ್ತದೆ. ಹತ್ನಿಮಿಷ. ಮಾತು ಬೆಳುದ್ರೆ ಕಾಲ್ಗಂಟೆ."

ನಾನು ಜೀನನ್ನು ನೋಡಿದೆ. ಕೆಳಗಡೆ ಮರದ ಚೌಕಟ್ಟು. ಒಂದು ಕಡೆ ಖಾಲಿಯಾದ ಕೂಡಲೆ ಇಡೀ ಜೀನು ಬಲಕ್ಕೆ ವಾಲಿ, ಚೌಕಟ್ಟಿನ ಅಂಚು ಸರಿಯಾಗಿ ಆ ಅಂಗೈಯಗಲ ಜಾಗಕ್ಕೆ ಹೋಗಿ ಕೂರುತ್ತದೆ. ದಿನಕ್ಕೆ ಆರು ಸಲ. ಹಸಿ ಕಾಯಿ ಯಾರದೆಂದು ಇತ್ಯರ್ಥವಾಗುವವರೆಗೆ.

"ತಿರುಗ್ಸಿ ನಿಲ್ಸಿದ್ರೆ ಆಗಲ್ವಾ?"

"ಆಗ ಮಿಶಿನ್ ಸದ್ದಿಗೆ ಮುಖ ಕೊಡ್ಬೇಕಲ್ಲ, ಬೆದರ್ತಾನೆ. ಯಾಕವ್ವ ಇವತ್ತು ಇಷ್ಟು ಮಾತು?"

"ಅದಲ್ಲ ಅಣ್ಣ, ಬಲಗಡೆ ಅವನಿಗೆ ಒಂಥರಾ… ಸ್ವಲ್ಪ…"

"ಏನು ಸ್ವಲ್ಪ? ಸರಿಹೋಯ್ತು ಅಂತ ಮೇಡಮ್ಮೋರ ಎದುರು ನೀನೇ ತಲೆ ಆಡ್ಸಿದ್ಯಂತಲ್ಲ." ಅವರು ಮತ್ತೆ ಕೂತು ತೊಗಲು ಉಜ್ಜತೊಡಗಿದರು. ನನ್ನ ಕಡೆ ನೋಡದೆ ಹೇಳಿದರು: "ನೋವಿದ್ರೆ ಒದೀತಿದ್ದ ಕಣವ್ವ. ಆವತ್ತು ಚೀಲಕ್ಕೆ ಒದ್ದಾಗ ನಾನೂ ಸಿಟ್ನಲ್ಲಿ ನಾಕು ಬಾರುಸ್ಬುಟ್ಟೆ. ಬಾರುಸ್ಬಾರ್ದಿತ್ತು. ಆದ್ರೆ ಆಮೇಲಿಂದ ಒದ್ದಿಲ್ಲ ನೋಡು."

ನಾನು ಅಲ್ಲಿಂದ ಎದ್ದು ಬಂದೆ. ಲಾಯದ ಹಿಂದೆ ಹೋಗಿ ನಿಂತುಕೊಂಡೆ. ಮೂರು ವಾರ ನನ್ನ ಬೆರಳುಗಳಿಗೆ ಸಿಕ್ಕಿದ ಹೊಗಳಿಕೆಯೆಲ್ಲ ಆ ನಾಲ್ಕು ಏಟಿಗೆ ಸೇರಬೇಕಾದದ್ದಾಗಿತ್ತು.

ಮಂಗಳವಾರ ಗುಂಡಯ್ಯನವರ ಹತ್ತಿರ ಹೋದೆ. ಸ್ಟೋರಿನ ಪಕ್ಕದ ಅವರ ಕೋಣೆಯ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಅವರೇ ತಲೆಯೆತ್ತಿದರು.

"ಏನ್ ಡಾಕ್ಟ್ರಮ್ಮ, ಬಾಗ್ಲಿಗೂ ವಾಸಿ ಮಾಡ್ತಿದೀರಾ?"

"ಮೇಜರನ ವಿಷಯ ಸರ್. ಗುರುವಾರ ಹೊರೆ…"

"ಹೂಂ, ಯಾಕೆ? ಗಾಯ ಐತಾ?"

ಇಲ್ಲವೆಂದು ತಲೆಯಾಡಿಸಿದೆ.

"ರಕ್ತ ಗಿಕ್ತ?"

ಇಲ್ಲ.

"ಕುಂಟ್ತಾನಾ? ಮೇವು ಬಿಟ್ಟವನಾ?"

ಇಲ್ಲ, ಇಲ್ಲ.

"ಮತ್ತೇನಮ್ಮ?"

"ಉಸಿರು ಸರ್. ಬೆರಳಿಟ್ಟಾಗ ಉಸಿರು…"

"ಉಸಿರಾಡ್ತಾ ಅವ್ನೆ ತಾನೆ?"

ಹೌದೆಂದು ತಲೆಯಾಡಿತು.

"ಅಷ್ಟು ಸಾಕು ಬಿಡು. ನಾವೂ ಅಷ್ಟೇ ಮಾಡ್ತಿರೋದು," ಎಂದು ಅವರು ತಮ್ಮ ಮಾತಿಗೆ ತಾವೇ ಖುಷಿಯಾಗಿ ಮೇಜಿನ ಮೇಲೊಂದು ಏಟು ಹಾಕಿದರು. ನಾನು ಎರಡು ಹೆಜ್ಜೆ ಹಿಂದಕ್ಕೆ ನಡೆದು ಹೊರಗೆ ಬಂದೆ. ಅವರ ಮೇಲೆ ಸಿಟ್ಟು ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಕೇಳಬೇಕಾದದ್ದನ್ನೆಲ್ಲ ಕೇಳಿದ್ದರು. ಚೀಲ ಎತ್ತಿ ಹಿಡಿಯಲು ಇನ್ನೊಬ್ಬ ಆಳನ್ನು ಬಲಗಡೆ ನಿಲ್ಲಿಸಿ, ವೈದ್ಯರನ್ನು ಮತ್ತೆ ಕರೆಸುವವರೆಗೆ ತಡೆಯಿರಿ ಎಂಬ ಎರಡು ಮಾತು ನನ್ನ ಗಂಟಲಿನಲ್ಲೇ ಇದ್ದವು.

ಬಾಯಿ ಬರದಿದ್ದರೆ ಕೈಯಾದರೂ ಇದೆಯಲ್ಲ ಎಂದು ಮೇಡಮ್ಮರಿಗೆ ವಾಟ್ಸ್ಯಾಪ್ ಬರೆಯಲು ಕೂತೆ. ಬರೆಯುವುದು ನನಗೆ ಬರುತ್ತದೆ ಎಂದೇ ನಾನು ನಂಬಿದ್ದೆ. ಅಳಿಸಿ ಬರೆದು, ಅಳಿಸಿ ಬರೆದು, ಒಂದು ಗಂಟೆಯಲ್ಲಿ ಹನ್ನೊಂದು ಸಾಲಾಯಿತು. ಕಳಿಸಿದೆ. ಎರಡು ನಿಮಿಷದಲ್ಲಿ ಉತ್ತರ ಬಂತು: ಒಂದು ಕೆಂಪು ಹೃದಯ, ಜೋಡಿಸಿದ ಎರಡು ಕೈ, "ಗುರುವಾರ ಗೆಸ್ಟ್‌ಗಳು ಮೇಜರನ ಮೊದಲ ಹೊರೆ ನೋಡ್ಲಿಕ್ಕೆ ಬರ್ತಾರೆ, ಬಿಳಿ ಕುರ್ತಾ ಹಾಕ್ಕೋ ಆಯ್ತಾ." ಅದರ ಹಿಂದೆಯೇ ಭಾನುವಾರದ ವಿಡಿಯೋ.

ಮೈಯೆಲ್ಲ ಉರಿಯಿತು. ಓದಲೇ ಇಲ್ಲವಲ್ಲ ಇವರು ಎಂದುಕೊಂಡು ನಾನು ಕಳಿಸಿದ್ದನ್ನೇ ಮೇಲಿನಿಂದ ಓದಿದೆ. "ಮೇಡಂ, ಬಿಡುವಿದ್ದಾಗ ನೋಡಿ. ಮೇಜರ್ ತುಂಬಾ ಸುಧಾರಿಸಿದ್ದಾನೆ. ಆದರೂ ಬಲಭಾಗದಲ್ಲಿ ಇನ್ನೂ ಸ್ವಲ್ಪ ಗಮನ ಕೊಡಬಹುದೇನೋ ಅನ್ನಿಸುತ್ತದೆ…" ಹೀಗೇ ಹೋಗಿ, "ನಿಮಗೆ ಸರಿ ಕಂಡಂತೆ ಮಾಡಿ" ಎಂದು ಮುಗಿದಿತ್ತು. ಹನ್ನೊಂದು ಸಾಲಿನಲ್ಲಿ ನೋವು ಎಂಬ ಪದವೇ ಇರಲಿಲ್ಲ. ಅವರು ಓದಿದ್ದರು. ಓದಿದರೆ ಯಾರಿಗಾದರೂ ಕೆಂಪು ಹೃದಯ ಕಳಿಸಬೇಕೆನಿಸುವಂಥದ್ದನ್ನೇ ನಾನು ಬರೆದಿದ್ದೆ.

ಇನ್ನೊಂದು ಬರೆಯೋಣವೆಂದು ಫೋನ್ ಹಿಡಿದೆ. "ಮೇಜರನಿಗೆ" ಎಂದು ಬರೆದು ಬಹಳ ಹೊತ್ತು ಅದನ್ನೇ ನೋಡುತ್ತ ಕೂತೆ. ಚಾರ್ಜ್ ಮುಗಿಯಿತು. ಚಾರ್ಜರ್ ಹುಡುಕುವುದು ಒಂದು ನೆಪವಾಯಿತು.

ಬುಧವಾರ ಮಧ್ಯಾಹ್ನ ನಮ್ಮೂರು ಪಾಳ್ಯದಿಂದ ಅಮ್ಮ ಫೋನ್ ಮಾಡಿದಳು. ಒಂದು ವರ್ಷದಿಂದ ಅಮ್ಮ ನನ್ನ ಕೆಲಸದ ಬಗ್ಗೆ ಯಾರಿಗೂ ಸರಿಯಾಗಿ ಹೇಳುತ್ತಿರಲಿಲ್ಲ; ಹೋಂಸ್ಟೇಯಲ್ಲಿ ಮ್ಯಾನೇಜರ್ ಅನ್ನುತ್ತಿದ್ದಳು. ಆವತ್ತು ಧ್ವನಿಯೇ ಬೇರೆ.

"ನಿನ್ನ ವಿಡಿಯೋ ನೋಡ್ದೆ ಕಣೇ! ಪಕ್ಕದ್ಮನೆ ಇಂದ್ರಮ್ಮನ ಸೊಸೆ ತೋರ್ಸಿದ್ಲು. ಏನ್ ಜನ, ಏನ್ ಚಪ್ಪಾಳೆ! ನಿಮ್ಮಪ್ಪ ನಾಕು ಸಲ ಹಾಕುಸ್ಕಂಡು ನೋಡುದ್ರು. ಡಿಗ್ರಿ ಓದಿ ಕತ್ತೆ ಮೈ ಸವರಾಕೆ ಹೋಗ್ಬುಟ್ಲು ಅಂತಿದ್ದೋರು ಈಗ ಹಾಲಿನ ಡೈರಿ ಹತ್ರ ಎಲ್ರಿಗೂ ಹೇಳ್ಕಂಡು ಬಂದವ್ರೆ. ಗುಣ ಆಗೋಯ್ತಂತಲ್ಲ ಅದುಕ್ಕೆ?"

ಫೋನಿನಲ್ಲಿ ತಲೆಯಾಡಿಸಿದರೆ ಯಾರಿಗೂ ಕಾಣುವುದಿಲ್ಲ ಎಂಬುದೊಂದೇ ಸಮಾಧಾನ.

"ಕೇಳುಸ್ತಾ ಐತಾ? ಸಿಗ್ನಲ್ ಇಲ್ವೇನೋ," ಎಂದು ಅಮ್ಮ ಸಂತೋಷದಲ್ಲೇ ಫೋನ್ ಇಟ್ಟಳು.

ಆಮೇಲೆ ಲಾಯಕ್ಕೆ ಹೋಗಿ ಮೇಜರನ ಹತ್ತಿರ ನಿಂತೆ. ಮುಟ್ಟಲಿಲ್ಲ. ಮುಟ್ಟುವುದಕ್ಕೆ ನಾಚಿಕೆಯಾಯಿತು. ಅವನು ಹುಲ್ಲಿನಿಂದ ತಲೆಯೆತ್ತಿ ನನ್ನನ್ನೊಮ್ಮೆ ನೋಡಿ, ಇವಳಿಂದ ಕೆಟ್ಟದ್ದೂ ಇಲ್ಲ ಒಳ್ಳೆಯದೂ ಇಲ್ಲ ಎಂದು ತೀರ್ಮಾನಿಸಿದವನಂತೆ ಮತ್ತೆ ಮೇಯತೊಡಗಿದ.

ಗುರುವಾರ ಒಂಬತ್ತು ಗಂಟೆಗೆ ಪಲ್ಪರ್ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಆರೇಳು ಜನ ಗೆಸ್ಟ್‌ಗಳು ಕಾಫಿ ಲೋಟ ಹಿಡಿದು ಬಂದು ಕೂತರು. ಬಿಳಿ ಕುರ್ತಾ ಹಾಕಿಕೊಂಡ ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಹಳ್ಳದ ಕಡೆಯಿಂದ ಗೊರಸಿನ ಸದ್ದು ಬಂತು, ಆಮೇಲೆ ಸಿದ್ದಬಸಪ್ಪಣ್ಣನ "ಹೋಯ್, ಹೋಯ್", ಆಮೇಲೆ ಮಂಜಿನಿಂದ ಮೇಜರನ ಉದ್ದ ಕಿವಿ. ಎರಡೂ ಕಡೆ ಚೀಲಗಳು ತುಂಬಿ ಬಿರಿಯುತ್ತಿದ್ದವು. ಕುತ್ತಿಗೆಯಲ್ಲಿ ಚೆಂಡು ಹೂವಿನ ಹಾರ. ಕಡಿದಾದ ದಾರಿ ಹತ್ತಿ ಬಂದಿದ್ದರಿಂದ ಪಕ್ಕೆಗಳು ಜೋರಾಗಿ ಏರಿ ಇಳಿಯುತ್ತಿದ್ದವು. ಅವನು ತಾನಾಗಿಯೇ ಹೋಗಿ ಜಗಲಿಯ ಪಕ್ಕ ನಿಂತ.

ಎಡಗಡೆಯ ಚೀಲ ಇಳಿಯಿತು. ಜೀನು ಬಲಕ್ಕೆ ವಾಲಿತು. ಏರಿ ಇಳಿಯುತ್ತಿದ್ದ ಪಕ್ಕೆ ಅಲ್ಲೇ ನಿಂತಿತು.

ಗುಂಡಯ್ಯನವರು ಹಣ್ಣು ಸುರಿಸಿ ಕುಕ್ಕರುಗಾಲಿನಲ್ಲಿ ಕೂತರು. "ಏನಮ್ಮಾ ಇದು, ಹಣ್ಣು ಕುಯ್ದಿದೀಯೋ, ಬಟಾಣಿ ಕುಯ್ದಿದೀಯೋ?"

"ಎಲ್ಲೈತೆ ಸಾಮಿ ಹಸಿ ಕಾಯಿ? ಕನ್ನಡಕ ಒರಸ್ಕಂಡು ನೋಡಿ," ಎಂದಳು ಚೀಲದ ಹೆಂಗಸು. ಗೆಸ್ಟ್‌ಗಳು ನಕ್ಕರು. ಗುಂಡಯ್ಯನವರೂ ಹುರುಪಿನಿಂದ ಒಂದೊಂದೇ ಕಾಯಿ ಎತ್ತಿ ತೋರಿಸತೊಡಗಿದರು.

ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಇಪ್ಪತ್ತರವರೆಗೆ ಮೇಜರ್ ಉಸಿರು ಬಿಡಲಿಲ್ಲ. ಒಂದು ಸಣ್ಣ ಉಸಿರು ಬಿಟ್ಟು ಮತ್ತೆ ಬಿಗಿಹಿಡಿದ. ಕಿವಿ ಅಲುಗಲಿಲ್ಲ, ಬಾಲ ಅಲುಗಲಿಲ್ಲ.

"ನೋಡಿ, ಎಷ್ಟು ಶಾಂತ!" ಎಂದರು ಮೇಡಂ. "ಮೊದಲು ಇಲ್ಲೇ, ಇದೇ ಜಾಗದಲ್ಲಿ ಒದ್ದವನು. ಬಾ ನೇತ್ರಾ, ಮುಂದೆ ಬಾ."

ಯಾರೋ ದಾರಿ ಬಿಟ್ಟರು. ನಾನು ಮೇಜರನ ಬಲಮಗ್ಗುಲಿಗೆ ಹೋಗಿ ನಿಂತೆ. ಯೋಚಿಸಿ ಮಾಡಿದ್ದಲ್ಲ, ನನ್ನ ಎರಡೂ ಕೈ ತೂಗುತ್ತಿದ್ದ ಚೀಲದ ಕೆಳಗೆ ಹೋದವು. ಎತ್ತಲು ನೋಡಿದೆ. ನಲವತ್ತು ಕೇಜಿ, ನನ್ನಿಂದ ಎರಡು ಬೆರಳಿನಷ್ಟೂ ಮೇಲೇರಲಿಲ್ಲ. ಫೋನುಗಳು ಎದ್ದವು. ಚಂದದ ಚಿತ್ರವೆಂದುಕೊಂಡರೋ ಏನೋ.

ಆಗ ಕುರ್ಚಿಯಲ್ಲಿದ್ದ ಬೂದುಗೂದಲಿನ ಹೆಂಗಸೊಬ್ಬರು 'ಅಲ್ಲಮ್ಮಾ' ಎಂದು ಶುರುಮಾಡಿದರು. ಅವರ ಕೈಯಲ್ಲಿ ಫೋನಿರಲಿಲ್ಲ. "ನನಗೊಂದು ಅರ್ಥವಾಗಲ್ಲ. ಮಾತು ಬರದ ಪ್ರಾಣಿ ಇದು. ಇದರ ನೋವು ಹೋಯ್ತು ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಅವಳದ್ದು ಮಾತು ಕಡಿಮೆ," ಎಂದು ಮೇಡಂ ನಕ್ಕರು. "ಎಲ್ಲಾ ಕೈಯಲ್ಲೇ…"

"ಇರಲಿ, ಅವಳೇ ಹೇಳಲಿ," ಎಂದು ಆ ಹೆಂಗಸು ಲೋಟ ಕೆಳಗಿಟ್ಟು ಕಾದರು.

ಇದಕ್ಕೆ ತಲೆಯಾಡಿಸಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಆದರೂ ತಲೆ ಒಮ್ಮೆ ಆಡಿತು, ಯಾವ ಕಡೆಗೆಂದು ತಿಳಿಯದೆ. ಎಲ್ಲರೂ ನೋಡುತ್ತಿದ್ದರು. ಪಾಳ್ಯದ ಹಾಲಿನ ಡೈರಿಯ ಮುಂದೆ ನಿಂತ ಅಪ್ಪನೂ ನೋಡುತ್ತಿದ್ದಂತೆ ಅನ್ನಿಸಿತು. ಗುಂಡಯ್ಯನವರ ಕೈಯಲ್ಲಿ ಒಂದು ಹಸಿ ಕಾಯಿ ಹಾಗೇ ಉಳಿದಿತ್ತು. ಚೀಲದ ಭಾರಕ್ಕೆ ನನ್ನ ಮೊಣಕೈ ನಡುಗಿ ಮೇಜರನ ಪಕ್ಕೆಗೆ ತಾಗಿತು. ಒಳಗೆ ಹಿಡಿದಿಟ್ಟ ಉಸಿರು ಮರದ ಹಲಗೆಯಷ್ಟು ಗಟ್ಟಿಯಾಗಿತ್ತು.

"ಹೋಗಿಲ್ಲ," ಎಂದೆ. ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು, ನಮ್ಮೂರಿನ ಮಾತಿನಲ್ಲೇ ಬಂತು. "ಇನ್ನೂ ನೋವೈತೆ ಅವನಿಗೆ. ಭಾನುವಾರ ನಾನು ಸುಳ್ಳಿಗೇ ತಲೆ ಆಡಿಸ್ಬುಟ್ಟೆ."